ಆರು ದಿನಗಳ ಗಡುವು: ಬೇನ್‌ಬ್ರಿಜ್ ದ್ವೀಪದ ಸ್ಟ್ರಾಬೆರಿ ಬೆಳೆಗಾರರ ಪ್ರಕರಣ

1942ರ ಮಾರ್ಚ್ 24ರ ಮಂಗಳವಾರ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಸೈನಿಕರು ಊರೆಲ್ಲ ಸುತ್ತಿ ಒಂದು ಪ್ರಕಟಣೆಯನ್ನು ಅಂಟಿಸಿದರು. ದ್ವೀಪದಲ್ಲಿರುವ ಜಪಾನಿ ಮೂಲದ ಎಲ್ಲರೂ ಮಾರ್ಚ್ 30ರ ಮಧ್ಯಾಹ್ನ ಹನ್ನೆರಡರೊಳಗೆ ಜಾಗ ಖಾಲಿ ಮಾಡಬೇಕೆಂಬುದು ಅದರ ಸಾರ. ಅದರ ಹೆಸರು ‘ನಾಗರಿಕರ ತೆರವು ಆದೇಶ ಸಂಖ್ಯೆ 1’. ಮುಂದಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಇಂಥ 108 ಆದೇಶಗಳು ಹೊರಬಿದ್ದು, ಸುಮಾರು 1,20,000 ಮಂದಿ ಮನೆಮಠ ಬಿಟ್ಟು ಮುಳ್ಳುತಂತಿಯ ಹಿಂದಿನ ಶಿಬಿರಗಳನ್ನು ಸೇರಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ, ಅಲ್ಲಿನ ಪೂರ್ಣ ಪ್ರಜೆಗಳು.

ಈ ಆದೇಶಗಳ ಒಕ್ಕಣೆಯಲ್ಲಿ ಒಂದು ಪದ ಗಮನಿಸಬೇಕಾದದ್ದು. ಯಾರು ಹೊರಡಬೇಕೆಂದು ಹೇಳುವಾಗ ‘ಅನ್ಯದೇಶೀಯರು ಮತ್ತು ಅನ್ಯದೇಶೀಯರಲ್ಲದವರು’ ಎಂದು ಬರೆಯಲಾಗಿತ್ತು. ಅನ್ಯದೇಶೀಯರಲ್ಲದವರು ಎಂದರೆ ಪ್ರಜೆಗಳೇ. ಆ ಪದವನ್ನು ನೇರವಾಗಿ ಬರೆದಿದ್ದರೆ, ಪ್ರಜೆಯನ್ನು ವಿಚಾರಣೆಯಿಲ್ಲದೆ ಮನೆಯಿಂದ ಎಬ್ಬಿಸುವುದು ಹೇಗೆ ಎಂಬ ಪ್ರಶ್ನೆ ಓದಿದವರ ಬಾಯಿಗೆ ತಾನಾಗಿಯೇ ಬರುತ್ತಿತ್ತು. ಬರೆದವರಿಗೆ ಅದು ತಿಳಿದಿರಲಿಲ್ಲವೆಂದು ನನಗನ್ನಿಸುವುದಿಲ್ಲ.

ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಯುದ್ಧ ಘೋಷಣೆ, ತೆರವಿಗೆ ದಾರಿ ಮಾಡಿದ ಆದೇಶಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಹಿ ಇವೆಲ್ಲ ಶಾಲೆಯ ಪುಸ್ತಕದಲ್ಲಿ ಸಿಗುತ್ತವೆ. ಆ ಸಹಿ ಒಂದು ಚಿಕ್ಕ ದ್ವೀಪದ ಹೊಲಗದ್ದೆಗಳಿಗೆ ಇಳಿದಾಗ ಏನಾಯಿತು, ಒಂದೇ ಆದೇಶಕ್ಕೆ ಒಳಗಾದವರಲ್ಲಿ ಕೆಲವರಿಗೆ ಮರಳಿ ಬರಲು ಮನೆ ಉಳಿದು ಇನ್ನು ಕೆಲವರಿಗೆ ಏಕೆ ಉಳಿಯಲಿಲ್ಲ ಎಂಬುದು ಈ ಬರಹದ ವಿಷಯ. ಹೊರಡಿಸಿದ್ದು ಸರ್ಕಾರವೇ ಆದರೂ, ಯಾರು ಎಷ್ಟು ಕಳೆದುಕೊಂಡರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಎರಡು ಸ್ಥಳೀಯ ಸಂಗತಿಗಳು: ಜಮೀನಿನ ಖಾತೆ ಯಾರ ಹೆಸರಿನಲ್ಲಿತ್ತು, ಮತ್ತು ಬೀಗದ ಕೈ ಯಾರ ಬಳಿ ಇತ್ತು.

ಬೊಡ್ಡೆ ಕಿತ್ತು ಮಾಡಿದ ಹೊಲ

ಸಿಯಾಟಲ್ ನಗರದ ಎದುರಿಗೆ, ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚಿನಲ್ಲಿರುವ ಬೇನ್‌ಬ್ರಿಜ್‌ಗೆ ಜಪಾನಿಯರು ಬರತೊಡಗಿದ್ದು 1880ರ ದಶಕದಲ್ಲಿ. ದ್ವೀಪದ ದಕ್ಷಿಣದಲ್ಲಿದ್ದ ಪೋರ್ಟ್ ಬ್ಲೇಕ್ಲಿಯ ಮರ ಕೊಯ್ಯುವ ಕಾರ್ಖಾನೆ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿಕೊಂಡಿತ್ತು, ಅದಕ್ಕೆ ಕೂಲಿಗಳು ಬೇಕಿದ್ದರು. 1920ರ ದಶಕದ ಆರಂಭದಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ಅನೇಕ ಜಪಾನಿ ಕುಟುಂಬಗಳು ಬೇಸಾಯಕ್ಕೆ ಇಳಿದಿದ್ದವು. ಆದರೆ ಅಲ್ಲಿ ಸಿದ್ಧವಾದ ಹೊಲವೆಲ್ಲಿತ್ತು? ದೇವದಾರು ಜಾತಿಯ ದೈತ್ಯ ಮರಗಳನ್ನು ಕಡಿದು ಸಾಗಿಸಿದ ಮೇಲೆ ಉಳಿದದ್ದು ಬೊಡ್ಡೆಗಳಿಂದ ತುಂಬಿದ ನೆಲ. ಒಂದೊಂದು ಬೊಡ್ಡೆಯನ್ನೂ ಡೈನಮೈಟ್ ಇಟ್ಟು ಸಿಡಿಸಿ, ಬೇರನ್ನು ಎಳೆದು, ಸುಟ್ಟು, ಮಣ್ಣು ಹದ ಮಾಡಿಕೊಂಡು ಅವರು ಸ್ಟ್ರಾಬೆರಿ ನೆಟ್ಟರು. ಎರಡು ದಶಕಗಳಲ್ಲಿ ಸ್ಟ್ರಾಬೆರಿ ಎಂಬುದು ದ್ವೀಪದ ಗುರುತೇ ಆಯಿತು.

ಈ ಡೈನಮೈಟಿನ ವಿಷಯವನ್ನು ನೆನಪಿನಲ್ಲಿಡಬೇಕು. 1942ರ ಫೆಬ್ರವರಿಯಲ್ಲಿ ಎಫ್‌ಬಿಐ ಅಧಿಕಾರಿಗಳು ಮನೆಮನೆ ಶೋಧಿಸಿದಾಗ ಕೊಟ್ಟಿಗೆಗಳಲ್ಲಿ ಸಿಕ್ಕ ಸ್ಫೋಟಕ ಇದೇ. ದ್ವೀಪದಲ್ಲಿ ನೆಲ ಕಡಿದ ಯಾವ ಬೇಸಾಯಗಾರನ ಮನೆಯಲ್ಲೂ ಅದು ಇರುತ್ತಿತ್ತು, ಜಪಾನಿಯರ ಮನೆಯಲ್ಲಿ ಸಿಕ್ಕಾಗ ಮಾತ್ರ ಸಾಕ್ಷ್ಯವಾಯಿತು. ಹಲವು ಕುಟುಂಬಗಳ ಹಿರಿಯ ಗಂಡಸರನ್ನು ಆಗಲೇ ಬಂಧಿಸಿ ಒಯ್ದಿದ್ದರಿಂದ, ಮಾರ್ಚ್ ಕೊನೆಯಲ್ಲಿ ಗಂಟುಮೂಟೆ ಕಟ್ಟುವ ಹೊಣೆ ಹೆಂಗಸರ ಮತ್ತು ಹರೆಯದ ಮಕ್ಕಳ ಮೇಲೆ ಬಿತ್ತು.

ಖಾತೆಯ ಪ್ರಶ್ನೆ ಇನ್ನೂ ಜಟಿಲವಾದದ್ದು. ಜಪಾನಿನಲ್ಲಿ ಹುಟ್ಟಿ ವಲಸೆ ಬಂದ ಮೊದಲ ತಲೆಮಾರಿನವರನ್ನು ‘ಇಸ್ಸೆಯ್’ ಎನ್ನುತ್ತಾರೆ, ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳು ‘ನಿಸೆಯ್’. ಇಸ್ಸೆಯ್‌ಗಳು ಎಷ್ಟು ವರ್ಷ ಅಲ್ಲಿದ್ದರೂ ಪೌರತ್ವ ಪಡೆಯುವಂತಿರಲಿಲ್ಲ. ಬಿಳಿಯರಲ್ಲದ ಜಪಾನಿಯರಿಗೆ ಆ ಹಕ್ಕಿಲ್ಲವೆಂದು 1922ರಲ್ಲಿ ಓಜಾವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮರುವರ್ಷ ಅದೇ ನ್ಯಾಯಾಲಯ ಪಂಜಾಬಿನಿಂದ ಹೋಗಿದ್ದ ಭಗತ್ ಸಿಂಗ್ ಥಿಂದ್ ಅವರ ಪ್ರಕರಣದಲ್ಲಿ ಭಾರತೀಯರಿಗೂ ಇದನ್ನೇ ಅನ್ವಯಿಸಿತು, ಹೀಗಾಗಿ ನಮ್ಮವರಿಗೂ ಆ ಬಾಗಿಲು ತೆರೆದದ್ದು 1946ರಲ್ಲಿ. ಪೌರತ್ವಕ್ಕೆ ಅನರ್ಹರಾದವರು ಜಮೀನು ಹೊಂದುವುದನ್ನಾಗಲಿ ಗುತ್ತಿಗೆಗೆ ಪಡೆಯುವುದನ್ನಾಗಲಿ ವಾಷಿಂಗ್ಟನ್ ರಾಜ್ಯ 1921ರ ಕಾನೂನಿನಲ್ಲಿ ನಿಷೇಧಿಸಿತು. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಹಿಡಿದುಕೊಳ್ಳುವ ದಾರಿಯನ್ನೂ 1923ರ ತಿದ್ದುಪಡಿ ಮುಚ್ಚಿತು. ಉಳಿದ ಉಪಾಯಗಳು ಎರಡೇ: ಇಲ್ಲಿ ಹುಟ್ಟಿದ ಮಗನೋ ಮಗಳೋ ಪ್ರಾಯಕ್ಕೆ ಬರುವವರೆಗೆ ಕಾಯುವುದು, ಇಲ್ಲವೇ ನಂಬಿಕಸ್ಥ ಬಿಳಿಯರೊಬ್ಬರ ಹೆಸರಿನಲ್ಲಿ ಜಮೀನಿಟ್ಟು ತಾವು ಉಳುವುದು. 1942ರ ಹೊತ್ತಿಗೆ ಖಾತೆ ಮಕ್ಕಳ ಹೆಸರಿಗೆ ಬಂದಿದ್ದ ಮನೆಗೂ ಬಾಯಿಮಾತಿನ ಒಪ್ಪಂದದ ಮೇಲೆ ನಡೆಯುತ್ತಿದ್ದ ಮನೆಗೂ ಮೇಲುನೋಟಕ್ಕೆ ವ್ಯತ್ಯಾಸವಿರಲಿಲ್ಲ. ಆ ವ್ಯತ್ಯಾಸ ಬಯಲಿಗೆ ಬಂದದ್ದು ಮೂರು ವರ್ಷಗಳ ಬಳಿಕ.

ಇದೇ ದ್ವೀಪ ಏಕೆ ಮೊದಲಾಯಿತು

1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಸಹಿ ಮಾಡಿದ ಆದೇಶ 9066ರಲ್ಲಿ ಜಪಾನಿ ಎಂಬ ಪದವೇ ಇರಲಿಲ್ಲ. ಸೇನಾಧಿಕಾರಿಗಳು ತಮಗೆ ಬೇಕಾದ ಪ್ರದೇಶವನ್ನು ಸೈನಿಕ ವಲಯವೆಂದು ಸಾರಿ, ಅಲ್ಲಿಂದ ‘ಯಾರನ್ನಾದರೂ’ ಹೊರಗಿಡಬಹುದೆಂದು ಮಾತ್ರ ಅದು ಹೇಳಿತ್ತು. ಆ ಯಾರನ್ನಾದರೂ ಎಂಬುದಕ್ಕೆ ಒಂದು ಜನಾಂಗದ ಹೆಸರು ತುಂಬಿದವರು ಪಶ್ಚಿಮ ರಕ್ಷಣಾ ವಲಯದ ಜನರಲ್ ಜಾನ್ ಡಿವಿಟ್. ಬೇನ್‌ಬ್ರಿಜ್‌ನ ತುದಿಯ ಫೋರ್ಟ್ ವಾರ್ಡ್‌ನಲ್ಲಿ ಜಪಾನಿನ ರೇಡಿಯೊ ಸಂದೇಶಗಳನ್ನು ಕದ್ದು ಕೇಳುವ ನೌಕಾಪಡೆಯ ಗುಪ್ತ ಕೇಂದ್ರವಿತ್ತು. ಬ್ರೆಮರ್ಟನ್‌ನ ಹಡಗುಕಟ್ಟೆಗೆ ಹೋಗುವ ಯುದ್ಧನೌಕೆಗಳು ದ್ವೀಪದ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಆದ್ದರಿಂದ ಸೇನೆಯ ತೆರವು ಆದೇಶಗಳ ಸಾಲಿನಲ್ಲಿ ಈ ದ್ವೀಪಕ್ಕೆ ಮೊದಲ ಅಂಕಿ ಬಂತು.

ಸೈನಿಕ ಅಗತ್ಯವೆಂಬ ವಾದವನ್ನು ಅಳೆಯಲು ಹವಾಯಿಯೊಂದೇ ಸಾಕು. ದಾಳಿ ನಡೆದದ್ದೇ ಅಲ್ಲಿ, ಅಲ್ಲಿನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಜಪಾನಿ ಮೂಲದವರು. ಆದರೂ ಅಲ್ಲಿ ಸಾಮೂಹಿಕ ತೆರವು ನಡೆಯಲಿಲ್ಲ, ಏಕೆಂದರೆ ಅವರನ್ನು ತೆಗೆದರೆ ದ್ವೀಪಗಳ ಕೆಲಸಕಾರ್ಯವೇ ನಿಂತುಹೋಗುತ್ತಿತ್ತು. ಪಶ್ಚಿಮ ಕರಾವಳಿಯಲ್ಲಿ ಅವರ ಸಂಖ್ಯೆ ಕಡಿಮೆ, ಜಮೀನು ಫಲವತ್ತು, ಪೈಪೋಟಿಯಲ್ಲಿದ್ದ ಬೆಳೆಗಾರರ ಸಂಘಗಳ ಒತ್ತಡ ಹೆಚ್ಚು.

ಮಾರ್ಚ್ 24ರಿಂದ 30ರವರೆಗೆ

ಆರು ದಿನಗಳಲ್ಲಿ ಒಂದು ಸಂಸಾರವನ್ನು ಮಡಚಿಡುವುದು ಹೇಗೆ? ಒಯ್ಯಬಹುದಾದದ್ದು ಕೈಯಲ್ಲಿ ಹಿಡಿಯುವಷ್ಟು ಮಾತ್ರ. ಹಾಸಿಗೆ, ಬಟ್ಟೆಬರೆ, ಪ್ರತಿಯೊಬ್ಬರಿಗೂ ಒಂದು ತಟ್ಟೆ, ಬಟ್ಟಲು, ಲೋಟ, ಚಮಚ ಇವನ್ನು ತರಬೇಕೆಂದು ಸೂಚನೆಯಲ್ಲೇ ಪಟ್ಟಿ ಕೊಟ್ಟಿದ್ದರು, ಸಾಕುಪ್ರಾಣಿಗಳಿಗೆ ಅವಕಾಶವಿರಲಿಲ್ಲ. ಎಲ್ಲಿಗೆ, ಎಷ್ಟು ಕಾಲಕ್ಕೆ ಎಂಬುದನ್ನು ಹೇಳಿರಲಿಲ್ಲವಾದ್ದರಿಂದ ಕಂಬಳಿ ಕಟ್ಟಬೇಕೋ ತೆಳುಬಟ್ಟೆ ಕಟ್ಟಬೇಕೋ ಎಂಬುದೇ ತಿಳಿಯದೆ ಜನ ಒದ್ದಾಡಿದರು. ಇಸ್ಸೆಯ್‌ಗಳ ಬ್ಯಾಂಕ್ ಖಾತೆಗಳನ್ನು ಯುದ್ಧ ಶುರುವಾದಾಗಲೇ ತಡೆಹಿಡಿದಿದ್ದರಿಂದ ಕೈಯಲ್ಲಿ ಕಾಸೂ ಇರಲಿಲ್ಲ.

ಬೆಳೆಯ ಲೆಕ್ಕ ಇದಕ್ಕಿಂತ ಕ್ರೂರ. ಆ ಸೀಮೆಯಲ್ಲಿ ಸ್ಟ್ರಾಬೆರಿ ಹಣ್ಣಾಗುವುದು ಜೂನ್‌ನಲ್ಲಿ. ಮಾರ್ಚ್ ಕೊನೆಯೆಂದರೆ ಗೊಬ್ಬರ, ಕಳೆ, ಕೂಲಿ ಎಲ್ಲ ಖರ್ಚೂ ಮುಗಿದು, ಹುಟ್ಟುವಳಿ ಮಾತ್ರ ಬಾಕಿಯಿರುವ ಕಾಲ. ಬೆಳೆಯನ್ನು ಹಾಗೇ ಬಿಟ್ಟು ಹೋಗುವಂತೆಯೂ ಇರಲಿಲ್ಲ: ಹೊರಡುವ ದಿನದವರೆಗೆ ಹೊಲದ ಕೆಲಸ ಮಾಡಬೇಕು, ಬೆಳೆ ಹಾಳುಗೆಡವಿದರೆ ಅದು ಯುದ್ಧಕಾಲದ ವಿಧ್ವಂಸಕ ಕೃತ್ಯವೆನಿಸುತ್ತದೆ ಎಂದು ಕರಾವಳಿಯ ಜಪಾನಿ ಬೇಸಾಯಗಾರರಿಗೆ ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ಬೆಳೆದವನನ್ನು ನಂಬದ ಸರ್ಕಾರಕ್ಕೆ ಅವನ ಬೆಳೆ ಮಾತ್ರ ಬೇಕಾಗಿತ್ತು.

ಇಲ್ಲಿ ದ್ವೀಪದ ಇನ್ನೊಂದು ಬಡ ಸಮುದಾಯ ಕಥೆಯೊಳಗೆ ಬರುತ್ತದೆ. ಜಪಾನಿಯರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಫಿಲಿಪಿನೊ ಯುವಕರಿಗೆ ಹಲವು ಕುಟುಂಬಗಳು ಹೊಲ, ಮನೆ, ಬೀಗದ ಕೈ ಒಪ್ಪಿಸಿದವು. ಅವರ ಸ್ವಂತ ದೇಶವನ್ನು ಆ ತಿಂಗಳುಗಳಲ್ಲೇ ಜಪಾನಿ ಸೈನ್ಯ ಆಕ್ರಮಿಸಿಕೊಳ್ಳುತ್ತಿತ್ತು ಎಂಬುದನ್ನು ನೆನೆದರೆ ಈ ಏರ್ಪಾಡಿನ ತೂಕ ಅರ್ಥವಾಗುತ್ತದೆ. ದ್ವೇಷಿಸಲು ಕಾರಣ ಬೇಕಿದ್ದರೆ ಅವರ ಬಳಿ ಸಿಯಾಟಲ್‌ನ ಯಾವ ವ್ಯಾಪಾರಿಗಿಂತಲೂ ಹೆಚ್ಚಿತ್ತು. ಎಲ್ಲ ಮನೆಗಳಿಗೂ ಇಂಥವರು ಸಿಗಲಿಲ್ಲ. ಸಿಗದವರು ಟ್ರ್ಯಾಕ್ಟರ್, ಪಾತ್ರೆಪಗಡಿ, ಪೀಠೋಪಕರಣಗಳನ್ನು ಕೇಳಿದಷ್ಟಕ್ಕೆ ಕೊಟ್ಟುಬಿಟ್ಟರು. ಕೆಲವು ಕುಟುಂಬಗಳು ಗಡುವಿಗೆ ಮುನ್ನವೇ ತಾವಾಗಿ ರಾಜ್ಯದ ಪೂರ್ವಭಾಗಕ್ಕೆ ಹೊರಟು ಶಿಬಿರದಿಂದ ಪಾರಾದವು, ಅಲ್ಲಿ ನೆಂಟರೋ ಪರಿಚಯದವರೋ ಇದ್ದವರಿಗೆ ಮಾತ್ರ ಅದು ಸಾಧ್ಯವಿತ್ತು.

ಶಾಲೆಯಲ್ಲಿ ನಡೆದ ಎರಡು ಸಂಗತಿಗಳನ್ನು ದ್ವೀಪದವರು ಇಂದಿಗೂ ಹೇಳುತ್ತಾರೆ. ಬೇನ್‌ಬ್ರಿಜ್ ಹೈಸ್ಕೂಲಿನ ಬೇಸ್‌ಬಾಲ್ ತರಬೇತುದಾರರು ತೆರವಿಗೆ ಮುಂಚಿನ ಕೊನೆಯ ಪಂದ್ಯದಲ್ಲಿ ತಂಡದ ಜಪಾನಿ ಹುಡುಗರೆಲ್ಲರನ್ನೂ ಉದ್ದಕ್ಕೂ ಆಡಿಸಿದರು. ತಂಡ ಹೀನಾಯವಾಗಿ ಸೋತಿತು, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಜೂನ್‌ನಲ್ಲಿ ಪದವಿ ಪ್ರದಾನ ನಡೆದಾಗ ವೇದಿಕೆಯ ಮೇಲೆ ಹದಿಮೂರು ಕುರ್ಚಿಗಳನ್ನು ಖಾಲಿ ಬಿಟ್ಟಿದ್ದರು.

ಮಾರ್ಚ್ 30ರ ಸೋಮವಾರ ಬೆಳಿಗ್ಗೆ ಸೇನೆಯ ಲಾರಿಗಳು ಮನೆಮನೆಗೆ ಬಂದು 227 ಜನರನ್ನು ಈಗಲ್‌ಡೇಲ್ ದಕ್ಕೆಗೆ ಸೇರಿಸಿದವು. ಬಂದೂಕಿಗೆ ಬಯೊನೆಟ್ ಸಿಕ್ಕಿಸಿಕೊಂಡಿದ್ದ ಸೈನಿಕರು ಕೂಸುಗಳನ್ನೂ ಮುದುಕರ ಗಂಟುಗಳನ್ನೂ ಹೊತ್ತು ನಡೆದರು, ಕೆಲವರ ಕಣ್ಣಲ್ಲಿ ನೀರಿತ್ತು. ಜನರ ಕೋಟಿಗೂ ಸಾಮಾನಿಗೂ ಒಂದೇ ಬಗೆಯ ಗುರುತುಚೀಟಿ ಕಟ್ಟಿದ್ದರು. ಆ ದಿನದ ಒಂದು ಛಾಯಾಚಿತ್ರ ಮುಂದೆ ಇಡೀ ತೆರವಿನ ಸಂಕೇತವಾಯಿತು: ಒಳ್ಳೆಯ ಕೋಟು, ತಲೆಗೆ ಟೋಪಿ ತೊಟ್ಟ ತಾಯಿ, ಅವಳ ತೋಳಲ್ಲಿ ನಿದ್ದೆ ಹೋದ ಹದಿಮೂರು ತಿಂಗಳ ಮಗಳು, ಕೋಟಿನಿಂದ ನೇತಾಡುವ ಚೀಟಿ. ಆಕೆ ಫುಮಿಕೊ ಹಯಾಶಿದಾ. 1911ರಲ್ಲಿ ಅದೇ ದ್ವೀಪದಲ್ಲಿ ಹುಟ್ಟಿದವರು, ಸ್ಟ್ರಾಬೆರಿ ಬೆಳೆಗಾರರ ಮನೆಯ ಸೊಸೆ, ಆಗ ಗರ್ಭಿಣಿ. ಆ ಚಿತ್ರ ದಶಕಗಳ ಕಾಲ ಹೆಸರಿಲ್ಲದೆಯೇ ಅಚ್ಚಾಯಿತು. ಹಬ್ಬಕ್ಕೆ ಹೊರಟವರಂತೆ ಉಡುಗೆ ತೊಟ್ಟದ್ದೇಕೆ ಎಂದು ಚಿತ್ರ ನೋಡಿದವರು ಕೇಳುವುದುಂಟು. ಒಯ್ಯಲು ಕೈ ಸಾಲದಾಗ ಒಳ್ಳೆಯ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳುವುದು ಮನೆ ನಡೆಸಿ ಬಲ್ಲ ಯಾರಿಗೂ ಹೊಳೆಯುವ ಉಪಾಯ. ಮರ್ಯಾದೆಯ ಮಾತೂ ಅದರೊಳಗೆ ಸೇರಿತ್ತೆಂದು ನನ್ನ ಊಹೆ.

ಸೇಬಿನ ತೋಟವೆಂಬ ಮರುಭೂಮಿ

ಫೆರಿಯಲ್ಲಿ ಸಿಯಾಟಲ್‌ಗೆ, ಅಲ್ಲಿಂದ ರೈಲಿನಲ್ಲಿ ಮೊಹಾವಿ ಮರುಭೂಮಿಗೆ, ಕೊನೆಗೆ ಬಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಮ್ಯಾಂಜನಾರ್ ಶಿಬಿರಕ್ಕೆ. ಮ್ಯಾಂಜನಾರ್ ಎಂದರೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ, ಹಿಂದೆ ಅಲ್ಲಿ ತೋಟಗಳಿದ್ದವು. ಲಾಸ್ ಏಂಜಲಿಸ್ ನಗರ ಆ ಕಣಿವೆಯ ನೀರನ್ನು ಒಯ್ದ ಮೇಲೆ ಉಳಿದದ್ದು ದೂಳು. ಡಾಂಬರು ಕಾಗದ ಹೊದಿಸಿದ, 100 ಅಡಿ ಉದ್ದ 20 ಅಡಿ ಅಗಲದ ಮರದ ಶೆಡ್ಡುಗಳನ್ನು ನಾಲ್ಕು ಕೋಣೆಗಳಾಗಿ ವಿಂಗಡಿಸಿ, ಒಂದು ಕೋಣೆಗೆ ಎಂಟು ಜನರವರೆಗೂ ತುಂಬಿದರು. ಹಸಿ ಮರ ಒಣಗಿದಂತೆ ಹಲಗೆಗಳ ನಡುವೆ ಬಿರುಕು ಬಿಟ್ಟು, ರಾತ್ರಿಯ ಗಾಳಿಗೆ ನೆಲದಿಂದಲೇ ಮರಳು ಮೇಲೇಳುತ್ತಿತ್ತು. ಬಂದವರಿಗೆ ಮೊದಲು ಕೊಟ್ಟದ್ದು ಖಾಲಿ ಚೀಲ. ಹುಲ್ಲು ತುಂಬಿಕೊಂಡರೆ ಅದೇ ಹಾಸಿಗೆ. ಶೌಚಾಲಯಗಳಲ್ಲಿ ಮರೆಗೋಡೆ ಇರಲಿಲ್ಲ, ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲಿ ಹೋಗಿಬರತೊಡಗಿದರು. ಊಟ ಸಾಮೂಹಿಕ ಭೋಜನಶಾಲೆಯಲ್ಲಿ; ಮಕ್ಕಳು ತಮ್ಮ ಓರಗೆಯವರ ಜೊತೆ ಕೂರತೊಡಗಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು ತಪ್ಪಿಹೋಯಿತು. ದುಡಿದವರಿಗೆ ಕೆಲಸಕ್ಕೆ ತಕ್ಕಂತೆ ತಿಂಗಳಿಗೆ 12, 16 ಅಥವಾ 19 ಡಾಲರ್.

ಶಿಬಿರದಲ್ಲಿದ್ದ ಸುಮಾರು ಹತ್ತು ಸಾವಿರ ಮಂದಿಯಲ್ಲಿ ಹೆಚ್ಚಿನವರು ಲಾಸ್ ಏಂಜಲಿಸ್ ಕಡೆಯವರು. ಹಳ್ಳಿಗಾಡಿನಿಂದ ಬಂದ ದ್ವೀಪದವರಿಗೂ ನಗರದ ಹುಡುಗರಿಗೂ ಹೊಂದಿಕೆಯಾಗಲಿಲ್ಲ. 1942ರ ಡಿಸೆಂಬರಿನಲ್ಲಿ ಶಿಬಿರದಲ್ಲಿ ಗಲಭೆಯೆದ್ದು ಸೈನಿಕರ ಗುಂಡಿಗೆ ಇಬ್ಬರು ಸತ್ತ ಮೇಲೆ, 1943ರ ಫೆಬ್ರವರಿಯಲ್ಲಿ ಬೇನ್‌ಬ್ರಿಜ್‌ನ ಬಹುಪಾಲು ಕುಟುಂಬಗಳು ತಾವೇ ಬೇಡಿಕೊಂಡು, ಸಿಯಾಟಲ್ ಕಡೆಯವರಿದ್ದ ಐಡಾಹೊ ರಾಜ್ಯದ ಮಿನಿಡೋಕಾ ಶಿಬಿರಕ್ಕೆ ವರ್ಗವಾದವು. ಒಂದು ಸೆರೆಯಿಂದ ಇನ್ನೊಂದು ಸೆರೆಗೆ ಹೋಗಲು ಅರ್ಜಿ ಹಾಕಿಕೊಳ್ಳುವ ಸ್ಥಿತಿ ಅದು.

ಅದೇ ಸಮಯದಲ್ಲಿ ಶಿಬಿರದವರಿಗೆ ಸರ್ಕಾರದಿಂದ ಬಂದ ನಿಷ್ಠೆಯ ಪ್ರಶ್ನಾವಳಿ ಕುಟುಂಬಗಳ ಒಳಗೇ ಬಿರುಕು ತಂದಿತು. ಇಪ್ಪತ್ತೆಂಟನೆಯ ಪ್ರಶ್ನೆ ಅಮೆರಿಕಕ್ಕೆ ನಿಷ್ಠೆ ತೋರಿ ಜಪಾನಿನ ಚಕ್ರವರ್ತಿಯ ನಿಷ್ಠೆಯನ್ನು ತೊರೆಯುವಿರಾ ಎಂದು ಕೇಳಿತು. ಅಮೆರಿಕ ಪೌರತ್ವ ಕೊಡದ, ಜಪಾನಿನ ಪೌರತ್ವವೊಂದೇ ಇದ್ದ ಇಸ್ಸೆಯ್ ಒಬ್ಬರು ಹೌದೆಂದರೆ ಯಾವ ದೇಶಕ್ಕೂ ಸೇರದವರಾಗುತ್ತಿದ್ದರು, ಇಲ್ಲವೆಂದರೆ ಶತ್ರುವಾಗುತ್ತಿದ್ದರು. ಹುಟ್ಟಿನಿಂದ ಅಮೆರಿಕನ್ನನಾದ ಮಗನಿಗೆ ಚಕ್ರವರ್ತಿಯ ನಿಷ್ಠೆ ಎಂದೂ ಇರದಿದ್ದುದರಿಂದ ತೊರೆಯುವ ಮಾತೇ ಅವಮಾನ. ಪ್ರಶ್ನೆ ಬರೆದವರು ಈ ಎರಡನ್ನೂ ಯೋಚಿಸಿದಂತೆ ಕಾಣುವುದಿಲ್ಲ. ಇಸ್ಸೆಯ್‌ಗಳಿಗಾಗಿ ಅದನ್ನು ಆಮೇಲೆ ತಿದ್ದಬೇಕಾಯಿತು.

ಹೆರಿಗೆ ಸುದ್ದಿಯ ಕಾಲಂ

ಬೇನ್‌ಬ್ರಿಜ್ ಪ್ರಕರಣ ಇತರ ಊರುಗಳಿಂದ ಬೇರೆಯಾಗುವುದು ಸ್ಥಳೀಯ ವಾರಪತ್ರಿಕೆಯೊಂದರ ಕಾರಣದಿಂದ. ‘ಬೇನ್‌ಬ್ರಿಜ್ ರಿವ್ಯೂ’ ಪತ್ರಿಕೆಯನ್ನು ನಡೆಸುತ್ತಿದ್ದ ವಾಲ್ಟ್ ಮತ್ತು ಮಿಲ್ಲಿ ವುಡ್‌ವರ್ಡ್ ದಂಪತಿ, ಯುದ್ಧ ಆರಂಭವಾದ ಮರುದಿನವೇ ನೆರೆಯವರನ್ನು ಶತ್ರುಗಳಂತೆ ಕಾಣಬೇಡಿರೆಂದು ಬರೆದರು. ತೆರವನ್ನು ಸಂವಿಧಾನದ ನೆಲೆಯಿಂದ ವಿರೋಧಿಸಿದರು. ಪಶ್ಚಿಮ ಕರಾವಳಿಯಲ್ಲಿ ಹೀಗೆ ಬರೆದ ಪತ್ರಿಕೆಗಳು ಬೆರಳೆಣಿಕೆಯಷ್ಟು. ಅದರಿಂದ ಆದೇಶವೇನೂ ನಿಲ್ಲಲಿಲ್ಲ.

ಆದರೆ ಸಂಪಾದಕೀಯಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಅವರ ಇನ್ನೊಂದು ಏರ್ಪಾಡೆಂಬುದು ನನ್ನ ಅಭಿಪ್ರಾಯ. ಹೊರಡುವ ಹುಡುಗರಲ್ಲಿ ಒಬ್ಬನನ್ನು ಶಿಬಿರದ ವರದಿಗಾರನನ್ನಾಗಿ ನೇಮಿಸಿದರು, ಅವನ ನಂತರ ಬೇರೆಯವರು ಆ ಕೆಲಸ ಮುಂದುವರಿಸಿದರು. ಯಾರಿಗೆ ಹೆರಿಗೆಯಾಯಿತು, ಯಾರ ಮದುವೆಯಾಯಿತು, ಯಾರು ಸೈನ್ಯಕ್ಕೆ ಸೇರಿದರು, ಬೇಸ್‌ಬಾಲ್‌ನಲ್ಲಿ ಯಾರು ಗೆದ್ದರು ಎಂಬ ಸುದ್ದಿಗಳು ದ್ವೀಪದ ಉಳಿದ ಸುದ್ದಿಗಳ ಜೊತೆಗೇ ಅಚ್ಚಾದವು. ಮೂರು ವರ್ಷ ಕಣ್ಣಿಗೆ ಬೀಳದ ನೆರೆಯವನನ್ನು ಮರೆಯುವುದು ಸುಲಭ; ಪ್ರತಿ ಕಾಲಂನಲ್ಲಿ ಅವನ ಮನೆಯ ಕೂಸಿನ ಸುದ್ದಿ ಬರುತ್ತಿದ್ದರೆ ಅವನು ಊರಿನವನಾಗಿಯೇ ಉಳಿಯುತ್ತಾನೆ. ಯುದ್ಧದ ಕೊನೆಯಲ್ಲಿ ಜಪಾನಿಯರು ಮರಳಕೂಡದೆಂದು ದ್ವೀಪದಲ್ಲೂ ಕೆಲವರು ಸಭೆ ಸೇರಿಸಿದ್ದುಂಟು, ಆದರೆ ಆ ಚಳವಳಿಗೆ ಜನ ಕೂಡಲಿಲ್ಲ.

ಮರಳಿ ಬಂದವರು, ಬಾರದವರು

1945ರ ಜನವರಿಯಿಂದ ಕರಾವಳಿಗೆ ಮರಳಲು ಅನುಮತಿ ಸಿಕ್ಕಿತು. ಬೇನ್‌ಬ್ರಿಜ್‌ನ ಅರ್ಧಕ್ಕಿಂತ ಹೆಚ್ಚು ಜನ ವಾಪಸಾದರು. ಅಂದರೆ ಅರ್ಧಕ್ಕೆ ಸಮೀಪದಷ್ಟು ಜನ ಬರಲಿಲ್ಲವೆಂಬುದೂ ಅಷ್ಟೇ ನಿಜ, ದ್ವೀಪದ ಹೆಮ್ಮೆಯ ಕಥನಗಳಲ್ಲಿ ಈ ಎರಡನೆಯ ಭಾಗ ಸ್ವಲ್ಪ ಮಂಕಾಗುತ್ತದೆ. ಖಾತೆ ಮಕ್ಕಳ ಹೆಸರಿನಲ್ಲಿದ್ದು, ಫಿಲಿಪಿನೊ ಸ್ನೇಹಿತನೋ ಬಿಳಿಯ ನೆರೆಯವನೋ ತೆರಿಗೆ ಕಟ್ಟಿ ಹೊಲ ನೋಡಿಕೊಂಡಿದ್ದ ಮನೆಯವರು ಬಾಗಿಲು ತೆರೆದು ಒಳಗೆ ಹೋದರು. ಗುತ್ತಿಗೆಯ ನೆಲದಲ್ಲಿ ಬೆಳೆಯುತ್ತಿದ್ದವರಿಗೆ ಮರಳಲು ಏನೂ ಇರಲಿಲ್ಲ. ನೆಲ ಉಳಿದವರಿಗೂ ಗಿಡ ಉಳಿದಿತ್ತೆಂದಲ್ಲ. ಸ್ಟ್ರಾಬೆರಿ ಅಡಿಕೆ ತೆಂಗಿನ ಹಾಗೆ ಕಾದು ನಿಲ್ಲುವ ಬೆಳೆಯಲ್ಲ. ಕಳೆ ತೆಗೆಯದೆ, ಹಬ್ಬುವ ಬಳ್ಳಿ ಕತ್ತರಿಸದೆ ಎರಡು ವರ್ಷ ಬಿಟ್ಟರೆ ಪಾತಿಯೇ ಮುಗಿದುಹೋಗುತ್ತದೆ. ಐವತ್ತು ದಾಟಿದ ಇಸ್ಸೆಯ್‌ಗೆ ಮತ್ತೆ ಸಸಿ ನೆಡುವ ಕಸುವಿರಲಿಲ್ಲ, ಮಗ ನಗರದಲ್ಲಿ ಕೆಲಸ ಹಿಡಿದಿದ್ದ.

ಸಿಯಾಟಲ್‌ನ ಇನ್ನೊಂದು ಬದಿಯ ಬೆಲ್‌ವ್ಯೂ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇಂದು ಸಾಫ್ಟ್‌ವೇರ್ ಕಂಪನಿಗಳ ಕನ್ನಡಿಗರೂ ಬಹಳ ಮಂದಿ ಮನೆ ಮಾಡಿಕೊಂಡಿರುವ ಆ ಊರು ಕೂಡ ಯುದ್ಧಕ್ಕೆ ಮುನ್ನ ಜಪಾನಿ ಬೇಸಾಯಗಾರರು ಬೊಡ್ಡೆ ಕಿತ್ತು ಮಾಡಿದ ಸ್ಟ್ರಾಬೆರಿ ಸೀಮೆ. 1925ರಿಂದ ಪ್ರತಿ ವರ್ಷ ಅಲ್ಲಿ ಸ್ಟ್ರಾಬೆರಿ ಉತ್ಸವ ನಡೆಯುತ್ತಿತ್ತು, 1942ರಲ್ಲಿ ಬೆಳೆದವರೇ ಇಲ್ಲದ್ದರಿಂದ ಅದು ನಿಂತಿತು. 1940ರಲ್ಲಿ ಸಿಯಾಟಲ್‌ಗೂ ಈ ಊರಿಗೂ ನಡುವಿನ ಸರೋವರದ ಮೇಲೆ ತೇಲುಸೇತುವೆ ತೆರೆದು ಬೆಲ್‌ವ್ಯೂ ನೆಲಕ್ಕೆ ಆಗಲೇ ಬೆಲೆ ಏರತೊಡಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹೊಲಗಳ ಜಾಗದಲ್ಲಿ ಬಡಾವಣೆ, ಅಂಗಡಿ ಸಾಲುಗಳ ಕಾಲ ಬಂದಿತ್ತು. ಮರಳಿದ ಕುಟುಂಬಗಳು ಬಹಳ ಕಡಿಮೆ. ಬೇನ್‌ಬ್ರಿಜ್ ನೆರೆಹೊರೆಯ ಒಳ್ಳೆಯತನವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಒಳ್ಳೆಯತನದ ಎದುರಿಗೆ ನೆಲದ ಬೆಲೆ ಎಂಬ ಆಮಿಷ ಬೆಲ್‌ವ್ಯೂನಲ್ಲಿದ್ದಷ್ಟು ಬಲವಾಗಿ ನಿಂತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಷ್ಟದ ಲೆಕ್ಕವನ್ನು ಸರ್ಕಾರ ಎರಡು ಬಾರಿ ಕೇಳಿತು. 1948ರ ಕಾನೂನಿನಡಿ ರಸೀದಿ, ಕಾಗದಪತ್ರ ತೋರಿಸಿದವರಿಗೆ ಆಸ್ತಿ ನಷ್ಟ ತುಂಬಿಕೊಡುವುದೆಂದಾಯಿತು. ಆರು ದಿನಗಳಲ್ಲಿ ಮನೆ ಬಿಟ್ಟವರ ಬಳಿ ಎಷ್ಟು ರಸೀದಿ ಇದ್ದೀತು? ಸುಮಾರು 14.8 ಕೋಟಿ ಡಾಲರ್ ಕೇಳಿದವರಿಗೆ ಒಟ್ಟು ಸಿಕ್ಕಿದ್ದು 3.7 ಕೋಟಿ. 1980ರಲ್ಲಿ ಸಂಸತ್ತು ನೇಮಿಸಿದ ಆಯೋಗ ಮೂರು ವರ್ಷಗಳ ನಂತರ, ಇದಕ್ಕೆ ಸೈನಿಕ ಅಗತ್ಯ ಕಾರಣವಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಕಾರಣವೆಂದು ವರದಿ ಕೊಟ್ಟಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾನೂನು ಬದುಕಿರುವ ಪ್ರತಿಯೊಬ್ಬರಿಗೂ ಕ್ಷಮಾಪಣೆಯ ಪತ್ರ ಮತ್ತು 20,000 ಡಾಲರ್ ಕೊಡಬೇಕೆಂದಿತು. ಆ ದಿನದಂದು ಬದುಕಿರಬೇಕೆಂಬುದು ಷರತ್ತು; ಮೊದಲ ಚೆಕ್ಕುಗಳು ಕೈಸೇರಿದ್ದು 1990ರಲ್ಲಿ. ಡೈನಮೈಟಿನಿಂದ ಬೊಡ್ಡೆ ಸಿಡಿಸಿ ಹೊಲ ಮಾಡಿದ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಇಸ್ಸೆಯ್ ತಲೆಮಾರಿನ ಬಹುತೇಕರು ಆ ಹೊತ್ತಿಗೆ ತೀರಿಕೊಂಡಿದ್ದರು.

ಫುಮಿಕೊ ಹಯಾಶಿದಾ ಬದುಕಿದ್ದರು. 2006ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಈಗಲ್‌ಡೇಲ್ ದಕ್ಕೆಯ ಜಾಗಕ್ಕೆ ರಾಷ್ಟ್ರೀಯ ಸ್ಮಾರಕದ ಮಾನ್ಯತೆ ಕೊಡಬೇಕೆಂದು ವಾಷಿಂಗ್ಟನ್ ಡಿ.ಸಿ.ಗೆ ಹೋಗಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 2008ರಲ್ಲಿ ಮಾನ್ಯತೆ ದೊರೆತು, 2011ರಲ್ಲಿ ದೇವದಾರು ಮತ್ತು ಕಲ್ಲಿನ ಗೋಡೆ ಅನಾವರಣಗೊಂಡಿತು. ಸಿಯಾಟಲ್‌ನಿಂದ ಫೆರಿಯಲ್ಲಿ ಮೂವತ್ತೈದು ನಿಮಿಷ ಪಯಣಿಸಿ ದ್ವೀಪಕ್ಕೆ ಇಳಿದವರು ಅದನ್ನು ನೋಡಬಹುದು. ಗೋಡೆ ನೀರಿನ ಕಡೆಗೆ, ಅಂದು ಅವರು ನಡೆದ ದಾರಿಯುದ್ದಕ್ಕೂ ಸಾಗುತ್ತದೆ. ಉದ್ದ 276 ಅಡಿ, ಆಗ ದ್ವೀಪದಲ್ಲಿದ್ದ ಜಪಾನಿ ಮೂಲದವರಲ್ಲಿ ತಲೆಗೊಂದು ಅಡಿಯಂತೆ.